ತಾಯಿಮರ ಬಿಡದ ಕಸಿ

ಕೇಳುಗರಿಗೆ ನಮಸ್ಕಾರ. ನಾನು ಪ್ಲಾಸ್ಟಿಕ್ ಸರ್ಜರಿ ಮಾಡುವ ವೈದ್ಯೆ.

ಎರಡು ವರ್ಷದ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ, ಹೊಸನಗರದ ಕಡೆಯ ಒಬ್ಬರು ಅಜ್ಜಿ ಶಿವಮೊಗ್ಗಕ್ಕೆ ನನ್ನ ಹತ್ತಿರ ಬಂದರು. ಮೂಗಿನ ಎಡ ಹೊಳ್ಳೆಯ ಮೇಲೆ ಒಂದು ಹುಣ್ಣು. ಒಣಗುತ್ತದೆ, ಹಕ್ಕಳೆ ಉದುರುತ್ತದೆ, ಮತ್ತೆ ರಕ್ತ ಜಿನುಗುತ್ತದೆ. ಮೂಗುತಿ ಒತ್ತಿ ಹೀಗಾಗಿದೆ ಎಂದುಕೊಂಡು ಅದನ್ನು ತೆಗೆದಿಟ್ಟಿದ್ದರು. ನಾನು ಚೂರು ತೆಗೆದು ಪರೀಕ್ಷೆಗೆ ಕಳಿಸಿದೆ. ಚರ್ಮದ ಕ್ಯಾನ್ಸರ್ ಎಂದು ಬಂತು. ನಿಧಾನವಾಗಿ ಬೆಳೆಯುವ ಜಾತಿ. ಪೂರ್ತಿ ತೆಗೆದರೆ ವಾಸಿಯಾಗುತ್ತದೆ. ಆದರೆ ಪೂರ್ತಿ ತೆಗೆದರೆ ಹೊಳ್ಳೆಯೇ ಹೋಗುತ್ತದೆ.

"ಹೋದ ಜಾಗಕ್ಕೆ ಪ್ಲಾಸ್ಟಿಕ್ ಇಡ್ತೀರಾ ಡಾಕ್ಟ್ರಮ್ಮ? ಒಲೆ ಮುಂದೆ ಕೂತ್ರೆ ಕರಗಲ್ವಾ?" ಎಂದು ಕೇಳಿದರು.

ಈ ಪ್ರಶ್ನೆ ನನಗೆ ಹೊಸದಲ್ಲ. ತಪ್ಪು ಕೇಳಿದವರದ್ದಲ್ಲ, ಹೆಸರಿನದ್ದು. ಪ್ಲಾಸ್ಟಿಕ್ ಎನ್ನುವುದು ಗ್ರೀಕ್ ಮೂಲದ ಮಾತು. ತಿದ್ದಿ ರೂಪ ಕೊಡುವುದು ಎಂದು ಅದರ ಅರ್ಥ, ಕುಂಬಾರ ಮಣ್ಣಿಗೆ ಕೊಡುವ ಹಾಗೆ. ಬಕೆಟ್ಟು, ಕೊಡ ಮಾಡುವ ಪ್ಲಾಸ್ಟಿಕ್ ಹುಟ್ಟುವ ಮೊದಲೇ ಈ ಶಸ್ತ್ರಚಿಕಿತ್ಸೆಗೆ ಆ ಹೆಸರು ಬಂದಿತ್ತು. ನಾವು ಹೆಚ್ಚಾಗಿ ಬಳಸುವುದು ರೋಗಿಯದೇ ಚರ್ಮ, ರೋಗಿಯದೇ ಮೂಳೆ.

ಅಜ್ಜಿಗೆ ಇದನ್ನು ಹೇಗೆ ತಿಳಿಸುವುದು? "ನಿಮ್ಮನೇಲಿ ಅಪ್ಪೆಮಿಡಿ ಮಾವಿನ ಮರ ಇದೆಯಾ?" ಎಂದು ಕೇಳಿದೆ. ಇತ್ತು. ಕಸಿ ಕಟ್ಟಿಸಿದ್ದೂ ಇತ್ತು. ಅಲ್ಲಿಂದ ಮಾತು ಸಲೀಸಾಯಿತು.

ಕಸಿಯಲ್ಲಿ ಎರಡು ಬಗೆ ನಿಮಗೆ ಗೊತ್ತು. ಒಂದು, ಕಡ್ಡಿಯನ್ನು ಕತ್ತರಿಸಿ ತಂದು ಇನ್ನೊಂದು ಗಿಡಕ್ಕೆ ಕಟ್ಟುವುದು. ಅದು ಹಿಡಿಯುವವರೆಗೆ ಬದುಕುವುದೇ ಕಷ್ಟ. ಇನ್ನೊಂದು, ಕುಂಡದ ಗಿಡವನ್ನೇ ತಾಯಿಮರದ ಹತ್ತಿರ ಒಯ್ದು, ರೆಂಬೆಯನ್ನು ಕತ್ತರಿಸದೆ, ಎರಡನ್ನೂ ಸ್ವಲ್ಪ ಕೆತ್ತಿ ಸೇರಿಸಿ ಕಟ್ಟುವುದು. ರೆಂಬೆಗೆ ತಾಯಿಮರದ ನೀರು ಬರುತ್ತಲೇ ಇರುತ್ತದೆ. ಬೆಸೆದ ಮೇಲೆ ಕತ್ತರಿಸುತ್ತಾರೆ. ನಮ್ಮ ಕೆಲಸದಲ್ಲೂ ಹೀಗೆಯೇ. ತೊಡೆಯಿಂದ ತೆಳ್ಳಗೆ ಚರ್ಮ ತೆಗೆದು ಸುಟ್ಟ ಗಾಯಕ್ಕೆ ಹಾಸುವುದು ಮೊದಲ ಬಗೆ. ಹೊಳ್ಳೆಗೆ ಅದು ಸಾಲದು. ಅಲ್ಲಿಗೆ ದಪ್ಪ ಬೇಕು, ಬಣ್ಣ ಹೊಂದಬೇಕು, ಉಸಿರೆಳೆದಾಗ ಒಳಕ್ಕೆ ಕುಸಿಯಬಾರದು. ಹಾಗಾಗಿ ಎರಡನೆಯದು. ತಾಯಿಮರ ಹಣೆ.

ಈ ವಿದ್ಯೆ ನಮ್ಮ ದೇಶದ್ದು. ಕತ್ತರಿಸಿ ಹೋದ ಮೂಗನ್ನು ಮತ್ತೆ ಕಟ್ಟುವುದು ಹೇಗೆ ಎಂದು ಸುಶ್ರುತ ಸಂಹಿತೆಯಲ್ಲಿದೆ. ಎಲೆಯಿಂದ ಅಳತೆ ತೆಗೆದು, ಕೆನ್ನೆಯ ಚರ್ಮ ಬಳಸುವ ವಿಧಾನ ಅದು. ಹಣೆಯ ಚರ್ಮದ ವಿಧಾನ ಹೊರಗಿನ ಲೋಕಕ್ಕೆ ತಿಳಿದ ಕಥೆಯಲ್ಲಿ ನಮ್ಮ ಮೈಸೂರೂ ಬರುತ್ತದೆ. 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕ. ಮೂಗು, ಒಂದು ಕೈ ಎರಡನ್ನೂ ಕಳೆದುಕೊಂಡ. ವರ್ಷದ ನಂತರ ಪುಣೆಯ ಹತ್ತಿರ, ಇಟ್ಟಿಗೆ ಮಾಡುವ ಜಾತಿಯವನೊಬ್ಬ ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಹಣೆಯ ಮೇಲೆ ಚಪ್ಪಟೆ ಹರಡಿ ಗೆರೆ ಎಳೆದು, ಚರ್ಮ ಇಳಿಸಿ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಇದನ್ನು ಚಿತ್ರದ ಸಮೇತ ಅಚ್ಚುಮಾಡಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯ ವರ್ಷಗಟ್ಟಲೆ ಹೆಣಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಅಲ್ಲಿ ಅದೇ ಶಸ್ತ್ರಚಿಕಿತ್ಸೆ ಮಾಡಿದ. ಇಷ್ಟೆಲ್ಲ ಆಯಿತು. ಆದರೆ ಆ ಇಟ್ಟಿಗೆಯವನ ಹೆಸರನ್ನು ಪತ್ರಿಕೆ ಬರೆಯಲಿಲ್ಲ. ಹಣೆಯ ಮೇಲೆ ಗೆರೆ ಎಳೆಯುವಾಗ ನನಗೆ ಅವನ ನೆನಪಾಗುತ್ತದೆ. ನಾನೂ ಅಚ್ಚು ಮಾಡಿಕೊಳ್ಳುತ್ತೇನೆ. ಮೇಣದ ಬದಲು ಹೊಲಿಗೆ ದಾರ ಬರುವ ಪೊಟ್ಟಣದ ತಗಡು ಹಾಳೆ, ಅಷ್ಟೇ ವ್ಯತ್ಯಾಸ.

ಅಜ್ಜಿಯ ಕಿವಿಯ ಹಿಂದಿನಿಂದ ಒಂದು ಚೂರು ಮೆದುಮೂಳೆ ತೆಗೆದು ಹೊಳ್ಳೆಗೆ ಆಸರೆ ಕೊಟ್ಟೆ. ಹುಬ್ಬಿನ ಹತ್ತಿರದ ಒಂದು ಸಣ್ಣ ರಕ್ತನಾಳವನ್ನು ಹಾಗೇ ಉಳಿಸಿಕೊಂಡು, ಹಣೆಯ ಚರ್ಮವನ್ನು ತಿರುಗಿಸಿ ಮೂಗಿಗೆ ಹೊಲಿದೆ. ಮೂರು ವಾರ ಹುಬ್ಬಿನಿಂದ ಮೂಗಿಗೆ ಆ ಚರ್ಮದ ಸೇತುವೆ ಹಾಗೇ ಇರಬೇಕು. ನೋಡುವುದು ಕಷ್ಟ. ಇದನ್ನು ಮೊದಲೇ ಹೇಳದಿದ್ದರೆ ರೋಗಿ ಕನ್ನಡಿ ನೋಡಿ ಕುಸಿದುಬಿಡುತ್ತಾರೆ. ಅದಕ್ಕೇ ಫೋಟೊ ತೋರಿಸಿ, ಮನೆಯವರನ್ನೂ ಕೂರಿಸಿ ಹೇಳಿದ್ದೆ. ಅಜ್ಜಿ ಮೂರು ವಾರ ಸೆರಗು ಮುಚ್ಚಿಕೊಂಡು ಜಗುಲಿಗೂ ಬರಲಿಲ್ಲವಂತೆ. ಆಮೇಲೆ ಸೇತುವೆ ಕತ್ತರಿಸಿದೆ. ಮೂಗು ಕೆಂಪಗೆ ಉಳಿಯಿತು. ಕಸಿ ಹಿಡಿದಿತ್ತು.

ಈ ಕೆಲಸ ಕಲಿಯಲು ಎಷ್ಟು ವರ್ಷ ಬೇಕು ಎಂದು ಮಕ್ಕಳು ಕೇಳುತ್ತಾರೆ. ಎಂಬಿಬಿಎಸ್ ಐದೂವರೆ ವರ್ಷ, ಶಸ್ತ್ರಚಿಕಿತ್ಸೆಯ ಎಂಎಸ್ ಮೂರು, ಪ್ಲಾಸ್ಟಿಕ್ ಸರ್ಜರಿಯ ಎಂಸಿಎಚ್ ಇನ್ನೂ ಮೂರು. ಒಟ್ಟು ಹನ್ನೊಂದೂವರೆ. ಪುಸ್ತಕ ಅದರಲ್ಲಿ ಅರ್ಧ ಮಾತ್ರ. ಕೋಳಿ ಕಾಲಿನೊಳಗಿನ ರಕ್ತನಾಳ ಸುಮಾರು ಒಂದು ಮಿಲಿಮೀಟರ್ ಅಗಲ. ಅದನ್ನು ಸೂಕ್ಷ್ಮದರ್ಶಕದ ಕೆಳಗೆ, ಕೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿಯುವುದನ್ನು ನಾನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದೇನೆ. ಆ ಹೊಲಿಗೆ ಇವತ್ತು ಯಾರಿಗೆ ಜಾಸ್ತಿ ಬೇಕಾಗುತ್ತಿದೆ ಗೊತ್ತೇ? ಬಾಯಿಯ ಕ್ಯಾನ್ಸರ್ ಆದವರಿಗೆ. ದವಡೆ ತೆಗೆದ ಜಾಗಕ್ಕೆ ಕಾಲಿನ ಮೊಣಕಾಲ ಕೆಳಗಿನ ಸಣ್ಣ ಮೂಳೆಯನ್ನು ರಕ್ತನಾಳದ ಸಮೇತ ತಂದು, ದವಡೆಯ ಆಕಾರಕ್ಕೆ ಕತ್ತರಿಸಿ ಜೋಡಿಸಿ ಕೂರಿಸುತ್ತೇವೆ. ಮೈಭಾರ ಹೆಚ್ಚಾಗಿ ಹೊರುವುದು ಅದರ ಪಕ್ಕದ ದೊಡ್ಡ ಮೂಳೆ. ಹಾಗಾಗಿ ನಡೆಯಲು ಸಾಮಾನ್ಯವಾಗಿ ದೊಡ್ಡ ತೊಂದರೆಯಿಲ್ಲ.

ನಾನು ಅಡಿಕೆ ಬೆಳೆಗಾರರ ಮನೆಯ ಮಗಳು. ನನ್ನ ಫೀಸು ಕಟ್ಟಿದ್ದು ತೋಟ. ಆದರೂ ಹೇಳಲೇಬೇಕು. ತಂಬಾಕು ಬೆರೆಸಿದ್ದು ಕೆಟ್ಟದ್ದು ಎಂದು ಎಲ್ಲರೂ ಒಪ್ಪುತ್ತಾರೆ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೇಳಿದೆ. ಬಾಯಿ ಬರಬರುತ್ತಾ ಬಿಗಿಯಾಗಿ, ಮೂರು ಬೆರಳು ಒಳಗೆ ಹೋಗುತ್ತಿಲ್ಲ ಎಂದಾದರೆ ತಡ ಮಾಡಬೇಡಿ. ಜಗಿಯುವುದನ್ನು ಅವತ್ತೇ ಬಿಡಿ, ತೋರಿಸಿ.

ಕೊಯ್ಲಿನ ಕಾಲಕ್ಕೆ ಇನ್ನೊಂದು ಮಾತು. ಅಡಿಕೆ ಬೇಯಿಸುವ ಹಂಡೆಯ ಹತ್ತಿರ ಮಕ್ಕಳನ್ನು ಬಿಡಬೇಡಿ. ಕುದಿಯುವ ನೀರು ಬಿದ್ದರೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿ. ಟೂತ್‌ಪೇಸ್ಟು, ಶಾಯಿ, ಐಸು ಯಾವುದೂ ಬೇಡ. ಕುತ್ತಿಗೆ ಸುಟ್ಟು, ಚರ್ಮ ಸೆಳೆದು, ಗಲ್ಲ ಎದೆಗೆ ಅಂಟಿದ ಮಗುವನ್ನು ನೋಡಿದವರು ಆ ಹಂಡೆಗೆ ಬೇಲಿ ಕಟ್ಟದೆ ಇರಲಾರರು.

ಸೀಳುತುಟಿಯ ಕೂಸುಗಳ ಬಗ್ಗೆ ಹೇಳದೆ ಮುಗಿಸಲಾರೆ. ಸುಮಾರು 700ರಿಂದ 800 ಮಕ್ಕಳಲ್ಲಿ ಒಂದು ಹೀಗೆ ಹುಟ್ಟುತ್ತದೆ. ಸೊಸೆ ಗ್ರಹಣದ ದಿನ ತರಕಾರಿ ಹೆಚ್ಚಿದಳು ಎಂದು ಅತ್ತೆ ಬೈಯುತ್ತಾರೆ. ಆ ತಾಯಿ ತಲೆ ತಗ್ಗಿಸಿ ಕೂತಿರುತ್ತಾಳೆ. ನನಗೆ ಹೊಟ್ಟೆ ಉರಿಯುತ್ತದೆ. ಮಗುವಿನ ತುಟಿ ಕೂಡಿಕೊಳ್ಳುವುದು ಬಸುರಿನ ನಾಲ್ಕರಿಂದ ಏಳನೇ ವಾರದಲ್ಲಿ. ಎಷ್ಟೋ ಹೆಂಗಸರಿಗೆ ಬಸುರಿ ಎಂದು ಖಾತ್ರಿಯಾಗಿರುವುದೇ ಇಲ್ಲ ಆಗ! ಯಾರನ್ನೂ ದೂರಬೇಡಿ. ಕೂಸನ್ನು ನೆಟ್ಟಗೆ ಎತ್ತಿಕೊಂಡು, ತಾಯಿಯ ಹಾಲನ್ನೇ ಹಿಂಡಿ ಒಳಲೆಯಲ್ಲಿ ಕುಡಿಸಿ. ನಮ್ಮ ಅಜ್ಜಿಯರ ಒಳಲೆ ಇದಕ್ಕೆ ಬಹಳ ಒಳ್ಳೆಯದು. ಮೂರು ತಿಂಗಳ ಆಚೀಚೆ ತೂಕ ನೋಡಿ ತುಟಿ ಹೊಲಿಯುತ್ತೇವೆ. ಅಂಗುಳ ಸೀಳಿದ್ದರೆ ಅದನ್ನು ಮಾತು ಬೆಳೆಯುವ ಮೊದಲು, ವರ್ಷದ ಹೊತ್ತಿಗೆ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇದಕ್ಕೆ ನೆರವಿದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಹೊಸನಗರದ ಅಜ್ಜಿ ಮೊನ್ನೆ ತಪಾಸಣೆಗೆ ಬಂದಿದ್ದರು. ಎಡಗಡೆ ಚುಚ್ಚಿಸಬೇಡಿ ಎಂದು ಮೊದಲೇ ಹೇಳಿದ್ದೆ. ಮೊಮ್ಮಗಳ ಮದುವೆಗೆ ಬಲಗಡೆ ಚುಚ್ಚಿಸಿಕೊಂಡು, ಆ ಹಳೇ ಮೂಗುತಿಯನ್ನೇ ಹಾಕಿಕೊಂಡಿದ್ದಾರೆ. ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ, "ಸರೀ ಕಾಣ್ತದಾ ನೋಡಿ ಡಾಕ್ಟ್ರಮ್ಮ" ಎಂದರು. ನಾನು ಹೊಲಿಗೆಯ ಗೆರೆ ಹುಡುಕಿದೆ. ಬೆರಳಿಟ್ಟು ಮುಟ್ಟಿ ನೋಡಿದ ಮೇಲೆ ಸಿಕ್ಕಿತು.

ನಮಸ್ಕಾರ.