ದೋಣಿ ನಡೆಸಲು ಲೈಸೆನ್ಸ್ ಬೇಕೆ?

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ಡೋವರ್ ಮತ್ತು ಫ್ರಾನ್ಸಿನ ದಡದ ನಡುವೆ ಕಡಲು ಇರುವುದು ಸುಮಾರು 33 ಕಿಲೋಮೀಟರ್. ನೀರು ಒಂದೇ, ಕಾನೂನು ಮಾತ್ರ ಬೇರೆ ಬೇರೆ. ಬ್ರಿಟನ್ನಿನ ಕರಾವಳಿಯಲ್ಲಿ ಖುಷಿಗೆಂದು ಸ್ವಂತ ದೋಣಿ ನಡೆಸುವವರನ್ನು ಲೈಸೆನ್ಸ್ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಆದರೂ ಜನ ಕೈಯಿಂದ ದುಡ್ಡು ಕೊಟ್ಟು ರಾಯಲ್ ಯಾಟಿಂಗ್ ಅಸೋಸಿಯೇಷನ್ನಿನ ತರಬೇತಿಗೆ ಸೇರುತ್ತಾರೆ. ಉಬ್ಬರವಿಳಿತ, ನಕ್ಷೆ, ಹವಾಮಾನ ಎಲ್ಲ ಕಲಿಯುತ್ತಾರೆ.

ಫ್ರಾನ್ಸಿನಲ್ಲಿ ಎಂಜಿನ್ ಶಕ್ತಿ 6 ಹಾರ್ಸ್‌ಪವರ್ ದಾಟಿದರೆ ಪರವಾನಗಿ ಬೇಕು. ಹಾಯಿದೋಣಿಗೆ ಬೇಡ! ಅಂದರೆ ಪುಟ್ಟ ಮೋಟಾರ್ ದೋಣಿಯವನು ಪರೀಕ್ಷೆ ಬರೆಯಬೇಕು, ದೊಡ್ಡ ಹಾಯಿದೋಣಿಯಲ್ಲಿ ನಡುಗಡಲಿಗೆ ಹೊರಟವನು ಬರೆಯಬೇಕಿಲ್ಲ. ಜರ್ಮನಿಯಲ್ಲಿ ಸಾಮಾನ್ಯವಾಗಿ 15 ಹಾರ್ಸ್‌ಪವರ್ ಮೀರಿದರೆ ಪರೀಕ್ಷೆ. ಇಟಲಿಯಲ್ಲಿ ಎಂಜಿನ್ ಸಣ್ಣದಾದರೂ ದಡದಿಂದ 6 ನಾಟಿಕಲ್ ಮೈಲಿ ಆಚೆ ಹೋದರೆ ಪರವಾನಗಿ ಇರಲೇಬೇಕು. ನೆದರ್‌ಲ್ಯಾಂಡ್ಸ್ ಹಾರ್ಸ್‌ಪವರ್ ಗೊಡವೆಗೇ ಹೋಗಿಲ್ಲ. ದೋಣಿ 15 ಮೀಟರಿಗಿಂತ ಉದ್ದವೆ, ಗಂಟೆಗೆ 20 ಕಿಲೋಮೀಟರಿಗಿಂತ ವೇಗವಾಗಿ ಓಡಬಲ್ಲದೆ ಎಂದಷ್ಟೇ ನೋಡುತ್ತದೆ. ಡಿಕ್ಕಿಯಾದರೆ ಏಟು ಬೀಳುವುದು ಗಾತ್ರ ಮತ್ತು ವೇಗದಿಂದ ತಾನೆ? ನನಗಂತೂ ಈ ಲೆಕ್ಕವೇ ಸರಿ ಅನ್ನಿಸುತ್ತದೆ.

ಸರಿ, ಕಾಗದವೇ ಇಲ್ಲದ ಬ್ರಿಟಿಷರು ಬೇರೆ ದೇಶದಲ್ಲಿ ಏನು ತೋರಿಸಬೇಕು? ಅದಕ್ಕೆಂದೇ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗ 1998ರಲ್ಲಿ 40ನೇ ನಿರ್ಣಯ ಮಾಡಿತು. ಅದರಡಿ ಸಿಗುವ ಅಂತರರಾಷ್ಟ್ರೀಯ ಅರ್ಹತಾ ಪತ್ರವನ್ನು ದೋಣಿಗರು ಐಸಿಸಿ ಎನ್ನುತ್ತಾರೆ. ನದಿ, ಕಾಲುವೆಗಳಿಗೂ ಅದು ನಡೆಯಬೇಕೆಂದರೆ ಸೆವ್ನಿ ಎಂಬ ಒಳನಾಡು ಜಲಮಾರ್ಗ ನಿಯಮಗಳ ಪರೀಕ್ಷೆಯೂ ಪಾಸಾಗಿರಬೇಕು. ಆದರೆ ಈ ನಿರ್ಣಯವನ್ನು ಎಲ್ಲ ದೇಶಗಳೂ ಒಪ್ಪಿಲ್ಲ. ಒಪ್ಪಿದ ಕಡೆಯೂ ಸ್ಥಳೀಯ ಷರತ್ತುಗಳು ಬೇರೆ. ಕ್ರೊಯೇಷಿಯಾದಲ್ಲಿ ಹಾಯಿದೋಣಿ ಬಾಡಿಗೆಗೆ ಬೇಕೆಂದರೆ ಕಡಲಲ್ಲಿ ಸಂಪರ್ಕಕ್ಕೆ ಬೇಕಾದ ವಿಎಚ್ಎಫ್ ರೇಡಿಯೊ ಬಳಸುವ ಸರ್ಟಿಫಿಕೇಟನ್ನೂ ಕೇಳುತ್ತಾರೆ. ಹೊರಡುವ ಮುಂಚೆ ಬಾಡಿಗೆ ಕಂಪನಿಯಿಂದ ಬರಹದಲ್ಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ದೋಣಿಕಟ್ಟೆಯಲ್ಲಿ ನಿಂತು ವಾದ ಮಾಡಿ ಗೆದ್ದವರು ಕಡಿಮೆ.

ಪರೀಕ್ಷೆಯ ತಂಟೆಯೇ ಬೇಡ ಎನ್ನುವವರಿಗೆ ದಕ್ಷಿಣ ಫ್ರಾನ್ಸಿನ ಮಿಡಿ ಕಾಲುವೆ ಇದೆ. ಅಲ್ಲಿ ಬಾಡಿಗೆ ಕಂಪನಿಯವರೇ ಸ್ಟಿಯರಿಂಗ್ ಹಿಡಿಯುವುದು, ಹಗ್ಗ ಕಟ್ಟುವುದು, ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಲಾಕ್ ಎಂಬ ಬಾಗಿಲುಕಟ್ಟೆಗಳನ್ನು ದಾಟುವುದು ತೋರಿಸಿಕೊಟ್ಟು ತಾತ್ಕಾಲಿಕ ಚೀಟಿ ಬರೆದು, ಮನೆದೋಣಿಯನ್ನು ನಿಮ್ಮ ಕೈಗೆ ಕೊಡುತ್ತಾರೆ. ಗಂಟೆಗೆ 8 ಕಿಲೋಮೀಟರ್ ಮೀರುವಂತಿಲ್ಲ, ಅಷ್ಟೇ.

ನಮಸ್ಕಾರ.