ನೆಗ್ಗು ಎಲ್ಲಿದೆ, ಮೊದಲು ಅದನ್ನು ನೋಡಿ

ಎಲ್ಲರಿಗೂ ನಮಸ್ಕಾರ. ಸೈನ್ಯದಲ್ಲಿ ನನ್ನ ಕೆಲಸ ಬಂದೂಕು ರಿಪೇರಿ. ಹಾಗಾಗಿ ಊರಲ್ಲಿ ಯಾರ ಕೋವಿ ಕೈಕೊಟ್ಟರೂ ನನ್ನ ಮನೆಯ ಮೆಟ್ಟಿಲು ಹತ್ತುತ್ತಾರೆ. ಈಗೀಗ ಪ್ರಶ್ನೆಗಳು ಫೋನಿನಲ್ಲೂ ಬರುತ್ತವೆ, ಅದೂ ಅಮೆರಿಕದಿಂದ. ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಮಕ್ಕಳು ಎಲ್ಲೆಲ್ಲೋ ಇದ್ದಾರೆ ಅಲ್ವಾ? ಅಮೆರಿಕದಲ್ಲಿ ಹೊಡೆದು ಖಾಲಿಯಾದ ತೋಟಾವನ್ನು ಮನೆಯಲ್ಲೇ ಮತ್ತೆ ತುಂಬುವುದು ತುಂಬಾ ಜನರ ಹವ್ಯಾಸ. ನನ್ನ ಅಕ್ಕನ ಮಗನಿಗೂ ಅದೇ ಹುಚ್ಚು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಅದು ನಡೆಯುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವ ಹಾಗಿಲ್ಲ. ಹಂದಿ ಓಡಿಸಲು ಕೋವಿಗೆ ಲೈಸೆನ್ಸ್ ಇದೆ ಎಂದರೆ ತೋಟಾ ತುಂಬಲೂ ಲೈಸೆನ್ಸ್ ಇದೆ ಎಂದಲ್ಲ. ಅಂಗಡಿಯಿಂದ ತನ್ನಿ. ಇದನ್ನು ಮತ್ತೆ ಮತ್ತೆ ಕೇಳಬೇಡಿ ದಯವಿಟ್ಟು.

ಈಗ ವಿಷಯ. ರೈಫಲ್ ತೋಟಾದ ಕೇಸು, ಅಂದರೆ ಮದ್ದು ಗುಂಡು ಹಿಡಿದಿಡುವ ಹೊರಗಿನ ಕೊಳವೆ, ಹಿತ್ತಾಳೆಯದು, ನೂರಕ್ಕೆ 70 ತಾಮ್ರ, 30 ಸತು. ಈಡು ಹಾರಿದಾಗ ಅದು ಉಬ್ಬಿ ನಳಿಗೆಯ ಗೋಡೆಗೆ ಅಂಟಿಕೊಳ್ಳುತ್ತದೆ, ಆಮೇಲೆ ಸ್ವಲ್ಪ ಕುಗ್ಗುತ್ತದೆ. ಹಾಗೆ ಉಬ್ಬಿದ್ದನ್ನು ಮತ್ತೆ ತುಂಬಬೇಕಾದರೆ ಹಳೆಯ ಅಳತೆಗೆ ತರಬೇಕು. ಅದಕ್ಕೆ ಉಕ್ಕಿನ ಡೈ, ಅಂದರೆ ಅಚ್ಚು, ಒಂದಿರುತ್ತದೆ. ಕೇಸಿಗೆ ತುಸು ಎಣ್ಣೆ ಸವರಿ ಅದರೊಳಗೆ ಒತ್ತುತ್ತಾರೆ. ಈ ಓಡಾಟದಲ್ಲಿ ಎಲ್ಲೋ ನೆಗ್ಗು ಬೀಳುತ್ತದೆ. ನಾನು ಹೇಳುವುದು ಒಂದೇ. ನೆಗ್ಗು ಎಲ್ಲಿದೆ, ಮೊದಲು ಅದನ್ನು ನೋಡಿ. ಬುಡದಲ್ಲೋ, ಮೈಯಲ್ಲೋ, ಮೈ ಕಿರಿದಾಗುವ ಭುಜದಲ್ಲೋ, ಅದರ ಮೇಲೆ ಗುಂಡನ್ನು ಹಿಡಿಯುವ ಕತ್ತಿನಲ್ಲೋ, ಬಾಯಲ್ಲೋ? ಜಾಗ ಗೊತ್ತಾದರೆ ಕಾರಣ ತಾನಾಗಿ ಸಿಗುತ್ತದೆ.

ನಮ್ಮ ಹುಡುಗ ಇದನ್ನು ಬಿಟ್ಟು ಬೇರೆ ಎಲ್ಲ ಮಾಡಿದ. "ಮಾವ, ಡೈ ಸರಿ ಇಲ್ಲ" ಎಂದ. ಹೊಸ ಡೈ ತಂದ, ಅದರಲ್ಲೂ ನೆಗ್ಗು. ಕ್ಯಾಮರಾಗೆ ಹಿಡಿಯೋ ಎಂದೆ. ಸರಿಯಾಗಿ ಭುಜದ ಇಳಿಜಾರಿನಲ್ಲಿ, ಉಗುರಿನಿಂದ ಒತ್ತಿದ ಹಾಗೆ ಎರಡು ಮೂರು ನುಣುಪಾದ ಗುಳಿ. ಅಂದರೆ ಎಣ್ಣೆ ಜಾಸ್ತಿ, ಅಷ್ಟೇ. ಎಣ್ಣೆಯನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದಿಲ್ಲ. ಡೈಯೊಳಗೆ ಹೋಗಲು ಜಾಗವಿಲ್ಲದೆ ನಿಂತ ಎಣ್ಣೆ ಮೆತ್ತಗಿನ ಹಿತ್ತಾಳೆಯನ್ನೇ ಒಳಗೆ ತಳ್ಳುತ್ತದೆ. ಡೈಯಲ್ಲಿ ಗಾಳಿ ಹೋಗಲು ಒಂದು ಸಣ್ಣ ತೂತು ಇರುತ್ತದೆ, ಅದು ಹಳೆಯ ಜಿಡ್ಡಿನಿಂದ ಕಟ್ಟಿದ್ದರಂತೂ ಕೇಳುವುದೇ ಬೇಡ. ಡೈ ಒರೆಸು, ತೂತು ಬಿಡಿಸು, ಮೈಗೆ ಬೆರಳಲ್ಲಿ ಎಷ್ಟು ತಾಗುತ್ತದೋ ಅಷ್ಟೇ ಸವರು, ಭುಜಕ್ಕೆ ಬೇಡವೇ ಬೇಡ ಎಂದೆ. ಈಗಾಗಲೇ ಬಿದ್ದ ಸಣ್ಣ ಗುಳಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅವನ 308 ಎಂಬ ಅಳತೆಯ ರೈಫಲಿನಲ್ಲಿ ಚದರ ಇಂಚಿಗೆ 60,000 ಪೌಂಡ್ ಆಸುಪಾಸಿನ ಒತ್ತಡ ಏಳುತ್ತದೆ, ಮುಂದಿನ ಈಡಿಗೆ ಅದು ತಾನಾಗಿ ನೆಟ್ಟಗಾಗುತ್ತದೆ. ಚೂಪು ಮಡಿಕೆ, ಬಿರುಕು ಇದ್ದರೆ ಮಾತ್ರ ಎಸೆಯಬೇಕು.

ಬಾಯಿ ಚಪ್ಪಟೆಯಾಗಿದ್ದರೆ ಕೇಸು ಹೊರಗೆ ಚಿಮ್ಮಿ ಕಲ್ಲಿಗೆ ಬಡಿದದ್ದು. ಅದು ಸುಲಭ, ಮೊನಚಾದ ಕಡ್ಡಿ ತೂರಿಸಿ ದುಂಡಗೆ ಮಾಡುತ್ತಾರೆ.

ಇನ್ನು ಕತ್ತು. ಕತ್ತಿನ ವಿಷಯ ಬಂದರೆ ಒಂದು ಕಥೆ ಹೇಳಲೇಬೇಕು, ನನಗೆ ಬಹಳ ಇಷ್ಟದ್ದು. ಬ್ರಿಟಿಷರ ಕಾಲ, ನಮ್ಮದೇ ದೇಶ. ಮಳೆಗಾಲ ಬಂತೆಂದರೆ ಸೈನ್ಯದ ಓಡಾಟ ಕಮ್ಮಿ. ತೋಟಾಗಳನ್ನು ಮಳೆ ನಿಲ್ಲುವವರೆಗೆ ಕುದುರೆ ಲಾಯದಲ್ಲಿ ಇಡುತ್ತಿದ್ದರು. ಮಳೆ ಬಿಟ್ಟ ಮೇಲೆ ತೆಗೆದು ನೋಡಿದರೆ ಎಷ್ಟೋ ತೋಟಾಗಳು ಬಿರುಕು ಬಿಟ್ಟಿವೆ! ಯಾರೂ ಬೀಳಿಸಿಲ್ಲ, ಯಾರೂ ಹಾರಿಸಿಲ್ಲ, ಸುಮ್ನೆ ಇಟ್ಟಲ್ಲೇ ಸೀಳಿವೆ. ಮಳೆಗಾಲದ ಬಿರುಕು ಎಂದು ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಅಂತಲೇ ಹೆಸರು ಬಿತ್ತು. ಆದರೆ ಬಿರುಕು ಎಲ್ಲಿ ಎಂದು ನೋಡಿ. ಹೆಚ್ಚಾಗಿ ಕತ್ತಿನಲ್ಲಿ, ಹಿತ್ತಾಳೆಯನ್ನು ಗುಂಡಿನ ಸುತ್ತ ಬಿಗಿಯಾಗಿ ಅದುಮಿದ ಜಾಗದಲ್ಲಿ. ಸುಳಿವು ಅಲ್ಲೇ ಇತ್ತು. 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ವಿಜ್ಞಾನಿಗಳು ಇದನ್ನು ಬಿಡಿಸಿ ಹೇಳಿದರು. ಲಾಯದಲ್ಲಿ ಕುದುರೆ ಉಚ್ಚೆ. ಅದರಿಂದ ಅಮೋನಿಯಾ ಏಳುತ್ತದೆ. ಹಿತ್ತಾಳೆಯನ್ನು ತಣ್ಣಗಿರುವಾಗಲೇ ಒತ್ತಿ ಎಳೆದು ಮಾಡಿದ ಜಾಗದಲ್ಲಿ ಒಳಗೊಳಗೇ ಒಂದು ಸೆಳೆತ ಉಳಿದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ತೇವ, ಅಮೋನಿಯಾ, ಈ ಸೆಳೆತ, ಮೂರೂ ಕೂಡಿದರೆ ಲೋಹ ಸೀಳುತ್ತದೆ. ಹದವಾಗಿ ಕಾಯಿಸಿದರೆ ಸೆಳೆತ ಹೋಗುತ್ತದೆ. ಸೈನ್ಯದ ರೈಫಲ್ ತೋಟಾಗಳ ಕತ್ತಿನ ಸುತ್ತ ಕಂದು ನೀಲಿ ಮಿಶ್ರ ಕಲೆ ಕಾಣುತ್ತದಲ್ಲ, ಅದು ಕೊಳೆ ಅಲ್ಲ, ಹಾಗೆ ಕಾಯಿಸಿದ ಗುರುತು. ಹೊಸದಾಗಿ ಸೇರಿದ ಹುಡುಗರು ಅದನ್ನು ತಿಕ್ಕಿ ತಿಕ್ಕಿ ತೆಗೆಯಲು ಹೊರಡುತ್ತಿದ್ದರು, ಬೈದು ಬೈದು ನನಗೆ ಸಾಕಾಗಿತ್ತು.

ಹಾಗಾಗಿ ಕತ್ತಿನಲ್ಲಿ ಸೀಳು ಕಂಡರೆ ಎಣ್ಣೆಯನ್ನು ಬೈಯಬೇಡಿ, ಡೈಯನ್ನು ಬೈಯಬೇಡಿ. ಹಿತ್ತಾಳೆ ಗಟ್ಟಿಯಾಗಿ ಹೋಗಿದೆ, ಅಥವಾ ಇಟ್ಟ ಜಾಗ ಸರಿ ಇಲ್ಲ. ಅಮೋನಿಯಾ ಇರುವ ಪಾಲಿಶ್‌ನಲ್ಲಿ ತೋಟಾ ತೊಳೆಯುವವರಿಗೂ ಇದೇ ಮಾತು.

ಅಯ್ಯೋ, ಸಮಯ ಆಯ್ತು ಎಂದು ಸ್ಟುಡಿಯೋದ ಗಾಜಿನ ಆಚೆಯಿಂದ ಕೈಸನ್ನೆ ಮಾಡುತ್ತಿದ್ದಾರೆ. ಬೇಗ ಹೇಳುತ್ತೇನೆ. ಗುಂಡು ಕೂರಿಸುವಾಗ ಭುಜ ಉಬ್ಬಿ ಕುಸಿದರೆ, ಬಾಯಿ ಅದುಮುವ ಡೈ ಜಾಸ್ತಿ ಕೆಳಗೆ ಇಳಿದಿದೆ ಎಂದರ್ಥ. ಬುಡದಿಂದ ಸ್ವಲ್ಪ ಮೇಲೆ ಹೊಳೆಯುವ ಒಂದು ಗೆರೆ ಸುತ್ತ ಬಂದಿದ್ದರೆ ಅದು ನೆಗ್ಗಲ್ಲ, ಅಪಾಯ. ಅಲ್ಲಿ ಹಿತ್ತಾಳೆ ತೆಳುವಾಗಿದೆ, ಮುಂದಿನ ಈಡಿಗೆ ಕೇಸು ಎರಡು ತುಂಡಾಗಬಹುದು. ತುದಿ ಬಗ್ಗಿಸಿದ ತಂತಿಯನ್ನು ಒಳಗೆ ಬಿಟ್ಟು ಎಳೆದರೆ ತೆಳುವಾದ ಆ ಜಾಗದ ತಗ್ಗಿನಲ್ಲಿ ತಂತಿ ತಡೆಯುತ್ತದೆ. ತಡೆದರೆ ಎಸೆಯಿರಿ, ಯೋಚನೆ ಬೇಡ.

ಇಲ್ಲಿ 12 ಬೋರ್ ಕೋವಿ ಇರುವವರಿಗೆ ಇಷ್ಟೇ. ತೋಟಾದ ಬುಡ ನೆಗ್ಗಿ ನಳಿಗೆಗೆ ಸಲೀಸಾಗಿ ಕೂರದಿದ್ದರೆ ಒತ್ತಿ ತುರುಕಬೇಡಿ, ಕಲ್ಲಲ್ಲಿ ಕುಟ್ಟಿ ಸರಿ ಮಾಡಲೂಬೇಡಿ, ಕೊಂಡ ಅಂಗಡಿಯಲ್ಲೇ ತೋರಿಸಿ. ಮತ್ತೆ ತೋಟಾದ ಪೆಟ್ಟಿಗೆಯನ್ನು ದನದ ಹಟ್ಟಿಯ ಅಟ್ಟದಲ್ಲಿ ಇಟ್ಟವರು ಇವತ್ತೇ ಇಳಿಸಿ, ಮನೆಯೊಳಗೆ ತೇವ ಇಲ್ಲದ ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡಿ. ಕುದುರೆಯ ಉಚ್ಚೆಗೂ ದನದ ಗಂಜಲಕ್ಕೂ ಆ ವಿಷಯದಲ್ಲಿ ಏನೂ ವ್ಯತ್ಯಾಸ ಇಲ್ಲ. ನಮಸ್ಕಾರ.