ಕ್ಯಾಟಲಾಗ್ ಎಣಿಸಿದರೆ ಕಪಾಟು ಎಣಿಸಿದ ಹಾಗಾಯ್ತಾ?

ನಮಸ್ಕಾರ, ನಮಸ್ಕಾರ. ಹೋದ ಸಂಚಿಕೆಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. 'ಲೈಬ್ರರಿಯಲ್ಲಿ ಎಲ್ಲ ಭಾಷೆಯ, ಎಲ್ಲ ಸಮುದಾಯದ ಪುಸ್ತಕ ಇದೆಯಾ ಅಂತ ನೋಡೋಕೆ ಇಷ್ಟೊಂದು ಗಲಾಟೆ ಯಾಕೆ? ಕೋಹಾ ಅನ್ನೋ ಲೈಬ್ರರಿ ಸಾಫ್ಟ್‌ವೇರ್‌ನಿಂದ ಡೇಟಾ ಇಳಿಸಿ, ಎಕ್ಸೆಲ್‌ಗೆ ಹಾಕಿ, ಪೈ ಚಾರ್ಟ್ ಮಾಡಿ, ಮುಗೀತು.' ಕೊನೆಗೆ ಒಂದು ನಗುವ ಇಮೋಜಿ ಬೇರೆ. ಆ ಇಮೋಜಿಗೇ ನನಗೆ ಉರಿದದ್ದು.

ನೋಡಿ, ಕ್ಯಾಟಲಾಗ್‌ನಲ್ಲಿ ಬರೆದದ್ದು ಮಾತ್ರ ಎಣಿಕೆಗೆ ಸಿಗುತ್ತದೆ. ಬರೆಯದೇ ಇರುವುದು ಸಿಗಲ್ಲ.

ತುಳು ತಗೊಳ್ಳಿ. ಮಾರ್ಕ್ 21 ಅಂದರೆ ಪುಸ್ತಕದ ವಿವರವನ್ನು ನಂಬರ್ ಹಾಕಿದ ಖಾನೆಗಳಲ್ಲಿ, ಅಂದರೆ ಫೀಲ್ಡುಗಳಲ್ಲಿ, ಕಂಪ್ಯೂಟರಿಗೆ ತುಂಬುವ ಕ್ರಮ. ಅದರ ದಾಖಲೆಯಲ್ಲಿ ಪುಸ್ತಕದ ಭಾಷೆಗೆ ಮೂರಕ್ಷರದ ಕೋಡ್ ಇದೆ. 008 ಫೀಲ್ಡು, 35ರಿಂದ 37ನೇ ಜಾಗ. ಕನ್ನಡಕ್ಕೆ 'ಕೆಎಎನ್'. ಕೊಂಕಣಿಗೆ 'ಕೆಒಕೆ'. ತುಳುವಿಗೆ? ಸ್ವಂತದ್ದು ಇಲ್ಲ! 'ಡಿಆರ್‌ಎ', ಅಂದರೆ ಇತರ ದ್ರಾವಿಡ ಭಾಷೆಗಳು. ಅದೂ ನೆಟ್ಟಗೆ ಹಾಕಿದರೆ. ತುಳು ಪುಸ್ತಕ ಹೆಚ್ಚಾಗಿ ಅಚ್ಚಾಗುವುದು ಕನ್ನಡ ಲಿಪಿಯಲ್ಲಿ. ಅವಸರದಲ್ಲಿ ಯಾರೋ 'ಕೆಎಎನ್' ಒತ್ತಿದರು ಅಂತ ಇಟ್ಟುಕೊಳ್ಳಿ. ಕಪಾಟಿನಲ್ಲಿ ತುಳು ಇದೆ, ನಿಮ್ಮ ಪೈ ಚಾರ್ಟಿನಲ್ಲಿ ಸೊನ್ನೆ.

'041 ಫೀಲ್ಡ್ ಇದೆಯಲ್ಲ ಸರ್, ಅಲ್ಲಿ ಐಎಸ್‌ಒ 639-3 ಅನ್ನೋ ಇನ್ನೊಂದು ಭಾಷಾ ಪಟ್ಟಿಯಲ್ಲಿರುವ ತುಳುವಿನ ಕೋಡ್, ಟಿಸಿವೈ, ಹಾಕಬಹುದು' ಅಂತೀರಿ, ಗೊತ್ತು. ಇದೆಯಪ್ಪಾ. ಹೆಲ್ಮೆಟ್ಟೂ ಇದೆ, ಪೆಟ್ರೋಲ್ ಟ್ಯಾಂಕಿನ ಮೇಲೆ.

ಅಂದಹಾಗೆ, ಸಬ್‌ಸ್ಕ್ರೈಬ್ ಆಗದವರು ಆಗಿಬಿಡಿ. ಮಾರ್ಕ್ ಫೀಲ್ಡ್ ಬಗ್ಗೆ ಕನ್ನಡದಲ್ಲಿ ಹೀಗೆ ಕೂಗಾಡುವ ಇನ್ನೊಂದು ಚಾನೆಲ್ ತೋರಿಸಿ ನೋಡೋಣ.

ಕಾದಂಬರಿಗಳ ಗತಿ ಇನ್ನೂ ಚೆಂದ. ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814. ದಲಿತ ಬದುಕಿನ ಕಾದಂಬರಿಯೂ ಅಲ್ಲೇ, ಪತ್ತೇದಾರಿಯೂ ಅಲ್ಲೇ. ವ್ಯತ್ಯಾಸ ಹೇಳಬೇಕಾದದ್ದು ಮಾರ್ಕ್ ದಾಖಲೆಯ ವಿಷಯದ ಫೀಲ್ಡು, 650. ಅಲ್ಲಿ 'ಕನ್ನಡ ಕಾದಂಬರಿ' ಅಂತ ಬರೆದು ಮುಂದಿನ ಪುಸ್ತಕ ಎತ್ತಿಕೊಂಡಿದ್ದರೆ? ಬರೆದವರು ಯಾವ ಸಮುದಾಯದವರು ಅಂತ ಹೇಳೋಕೆ 386ನೇ ಫೀಲ್ಡ್ ಇದೆ, ಆದರೆ ತುಂಬಲೇಬೇಕು ಅಂತೇನಿಲ್ಲ. ಹೆಸರು ನೋಡಿ ಜಾತಿ ಊಹಿಸುತ್ತೀರಾ? ಮಾಡಿ, ಮಾಡಿ. ಮದುವೆ ಬ್ರೋಕರ್ ಕೆಲಸಕ್ಕೂ ಆಗುತ್ತದೆ.

ಇನ್ನು ಧರ್ಮ. 1876ರ ಡ್ಯೂಯಿ ಮಹಾಶಯರ ಪದ್ಧತಿಯಲ್ಲಿ 220ರಿಂದ 289ರವರೆಗೆ ಬೈಬಲ್ಲು, ಕ್ರೈಸ್ತ ಧರ್ಮ. ಬೌದ್ಧ, ಜೈನ, ಹಿಂದೂ, ಇಸ್ಲಾಂ ಎಲ್ಲ 290ರೊಳಗೆ ಮಂಡಿ ಮಡಚಿ ಕೂತಿವೆ. ಹತ್ತು ಹತ್ತರ ಲೆಕ್ಕದಲ್ಲಿ ಚಾರ್ಟ್ ಮಾಡಿದರೆ ಅಷ್ಟೂ ಒಂದೇ ತುಂಡು!

ಬರೆಯದೇ ಇರುವುದು ಸಿಗಲ್ಲ. ಸಿಗಲ್ಲ ಅಂದರೆ ಸಿಗಲ್ಲ!

'ಹಾಗಾದರೆ ಡೇಟಾನೇ ಬೇಡವಾ?' ಬೇಡ ಅಂದೆನಾ ನಾನು? ಒಂದು ಸಾಲು ಪುಸ್ತಕ ಕೈಯಲ್ಲಿ ಹಿಡಿದು, ಬಿಡಿಸಿ, ದಾಖಲೆಗೆ ತಾಳೆ ನೋಡಿ ಅಂದೆ. ಧೂಳಿಗೆ ಸೀನು ಬರುತ್ತದೆ, ಬರಲಿ. ಸುಮ್ನೆ ಎಸಿಯಲ್ಲಿ ಕೂತು ಚಾರ್ಟ್ ಬಣ್ಣ ಬದಲಾಯಿಸುವುದಕ್ಕಿಂತ ವಾಸಿ ಅಲ್ವಾ?

ಕಾಮೆಂಟಿನ ಸ್ವಾಮಿಗಳೇ, ನಿಮ್ಮೂರ ಲೈಬ್ರರಿಯ ಆನ್‌ಲೈನ್ ಕ್ಯಾಟಲಾಗಿನಲ್ಲಿ 'ಕೊಡವ' ಅಂತ ಹುಡುಕಿ ಸ್ಕ್ರೀನ್‌ಶಾಟ್ ಕಳಿಸಿ. ನಮ್ಮ ಚಾನೆಲ್ಲಿನ ಟೀ ಶರ್ಟ್ ಬಹುಮಾನ. ಎಕ್ಸ್‌ಎಲ್ ಮಾತ್ರ ಉಳಿದಿದೆ, ಮೊದಲೇ ಹೇಳಿದ್ದೇನೆ.